ಹದಿನೇಳನೆಯದು

ಮೂವತ್ತು ವರ್ಷ ಸ್ಟುಡಿಯೋದೊಳಗೆ
ಜನ ತಾವಾಗಿ ಬಂದು ನನ್ನೆದುರು ಕುಂತರು.
ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಕೆ,
ಪೌಡರ್ ಡಬ್ಬಿ, ಊರಿಗೆಲ್ಲ ಒಂದೇ ಕೋಟು.
ಗದ್ದ ಚೂರು ಕೆಳಗ, ಎನ್ನುತ್ತಿದ್ದೆ. ಉಸಿರು ಹಿಡೀರಿ.
ಹಿಡಿಯುತ್ತಿದ್ದರು.
ತೆಗೆಯಲೇ ಎಂದು ಯಾರನ್ನೂ ಕೇಳಿದವನಲ್ಲ ನಾನು;
ಹೊಸ್ತಿಲು ದಾಟಿದ್ದೇ ಒಪ್ಪಿಗೆ.

ಆಮೇಲೆ ಬೀದಿಯ ಹುಚ್ಚು ಹತ್ತಿತು.

ರಾಯಚೂರಿನ ಗಂಜಿನಲ್ಲಿ ಒಂದು ಮಧ್ಯಾಹ್ನ.
ತೂಕದ ಗದ್ದಲ ಮುಗಿದು ದಲಾಲರು ಊಟಕ್ಕೆ ಹೋಗಿದ್ದರು.
ಹತ್ತಿ ಅಂಡಿಗೆಗಳ ಮೇಲೆ ಒಬ್ಬ ಹಮಾಲ,
ಎದೆಯ ಮೇಲೆ ಎರಡೂ ಕೈ, ಕಾಲ ಹೆಬ್ಬೆರಳು ಕೂಡಿಸಿಕೊಂಡು
ಮಲಗಿದ್ದ.
ತಗಡಿನ ತೂತಿನಿಂದ ಇಳಿದ ಬಿಸಿಲು
ಸರಿಯಾಗಿ ಹಣೆಯ ಮೇಲೆ, ಒಂದು ರೂಪಾಯಿಯಷ್ಟು.
ಇಂಥ ಬೆಳಕು ದುಡ್ಡು ಕೊಟ್ಟರೆ ಬರುವುದಲ್ಲ.
ಒತ್ತಿದೆ.

ಬುತ್ತಿ ಗಂಟು ಹಿಡಿದು ಬರುತ್ತಿದ್ದವಳು ಕಂಡಳು.

"ಏ ಸಾಬ್ರ, ಏನ್ ಹಿಡಿದ್ರಿ ಅದರಾಗ?"
ಮಲಗಿದ್ದು ಚಲೋ ಕಾಣ್ತಿತ್ತವ್ವ.
"ಚಲೋ? ಮೂಗಿನ್ಯಾಗ ಹತ್ತಿ ಕಾಣಲಿಲ್ಲೇನು ನಿಮಗ?"

ಆಗ ಕಂಡೆ.
ಅಂಡಿಗೆಯಿಂದ ಹಾರಿದ ಎಳೆಯೊಂದು ಹೊಳ್ಳೆಗೆ ಸಿಕ್ಕು
ಉಸಿರಿಗೆ ಅಲ್ಲಾಡುತ್ತಿತ್ತು.
ಫೋಟೋದಲ್ಲಿ ಅಲ್ಲಾಡುವುದಿಲ್ಲ.

"ಕಣ್ಮುಚ್ಚಿದವರ ಫೋಟೋ ಯಾವಾಗ ತಗಿತಾರ, ನೀವ ಹೇಳ್ರಿ.
ನಮ್ಮ ಮಾವನ್ನ ಗ್ವಾಡಿಗೆ ಕುಂದ್ರಿಸಿದಾಗ
ಬಂದವ್ರು ನೀವ ಅಲ್ಲೇನು? ದೀಡನೂರು ತಗೊಂಡ್ರಿ."

ನಾನೇ.
ಎಷ್ಟು ಮನೆ, ಎಷ್ಟು ಗೋಡೆ. ವಿಭೂತಿ ಬಳಿದು,
ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆಗೆ ನಾಣ್ಯ ಅಂಟಿಸಿ,
ಅಕ್ಕಪಕ್ಕ ಸೊಸೆಯಂದಿರು ಸೆರಗು ಸರಿಮಾಡಿಕೊಂಡು.
ಅಲ್ಲೂ ಒಮ್ಮೆ ಬಾಯಿತಪ್ಪಿ
ಉಸಿರು ಹಿಡೀರಿ ಅಂದಿದ್ದೆ.
ಯಾರೂ ಬಯ್ಯಲಿಲ್ಲ.

ಮಂದಿ ಕೂಡಿತು. ಚಹಾದ ಹುಡುಗ, ತಕ್ಕಡಿಯವ,
ಹೊಸದಾಗಿ ಡಿಜಿಟಲ್ ಕಂಡಿದ್ದ ದಲಾಲರ ಮಗ:
"ಅಳಿಸಿಬಿಡ್ರಿ, ಒಂದು ಗುಂಡಿ ಒತ್ತಿದ್ರ ಆತು."
ಕ್ಯಾಮೆರಾದ ಬೆನ್ನು ತಿರುಗಿಸಿ ತೋರಿಸಿದೆ. ಕರಿ ಚರ್ಮ, ಅಷ್ಟೇ.
ಇದು ರೀಲಿನದು.
ಅಳಿಸಬೇಕೆಂದರೆ ಬೆನ್ನು ಬಿಚ್ಚಬೇಕು,
ಬಿಚ್ಚಿದರೆ ಹಿಂದಿನ ಹದಿನಾರೂ ಬಿಸಿಲಿಗೆ ಸುಟ್ಟವು.
ನಿನ್ನೆಯ ನಿಕಾಹಿನವು.
ಆ ಹುಡುಗಿ ಇನ್ನೊಮ್ಮೆ ಮದುಮಗಳಾಗುವಳೇ?

ಬೀದಿ ಎಲ್ಲರದು, ಕಂಡದ್ದನ್ನೇ ತೆಗೆದೆ, ಎಂಬ ಮಾತು
ನಾಲಗೆಯ ತುದಿಗೆ ಬಂದಿತ್ತು, ಸುಳ್ಳಾಡುವುದಿಲ್ಲ.
ಅಂಗಳ ಸರಕಾರದ್ದು, ಅಂಡಿಗೆ ಯಾರೋ ಸಾವಕಾರನದು.
ನಿದ್ದೆಯೊಂದು ಅವನದಿತ್ತು.

ಅವಳು ಬುತ್ತಿ ಇಳಿಸಿ, ಗಂಡನ ತೊಡೆ ಚಿವುಟಿದಳು.
"ಏಳು. ಕಣ್ಣು ತಗಿ. ಸಾಬ್ರು ಇನ್ನೊಂದು ಹಿಡಿತಾರ.
ಇದು ಮುಂದಿರಬೇಕು, ಅದು ಹಿಂದ ಬೀಳಬೇಕು."

ಹುಲಿಗೆಪ್ಪನಿಗೆ ಏನೊಂದೂ ತಿಳಿಯಲಿಲ್ಲ.
ಎದ್ದು ಕುಂತು ಕೇಳಿದ ಮೊದಲ ಮಾತು:
"ಬಾಚಣಿಕಿ ಐತೇನ್ರಿ?"

ಇರಲಿಲ್ಲ. ಅಂಗಡಿಯಲ್ಲಿ ದಾರಕ್ಕೆ ನೇತಾಡುತ್ತಿತ್ತು.
ಅವಳೇ ಬಾಟಲಿ ನೀರಲ್ಲಿ ಬೆರಳು ಅದ್ದಿ ಬೈತಲೆ ತೆಗೆದಳು,
ಮೂಗಿನ ಎಳೆ ಎಳೆದು ಒಗೆದಳು, ಮೇಲಿನ ಗುಂಡಿ ಹಾಕಿದಳು.
ಗದ್ದ, ಉಸಿರು, ಏನೂ ಹೇಳದೆ
ಕೇಳಿದೆ: "ತಗಿಲೇನು?"
ಅವನು ಅವಳ ಮುಖ ನೋಡಿದ.

ರಾತ್ರಿ ತೊಳೆದೆ. ಹದಿನೆಂಟನೆಯದು ಅಲುಗಿತ್ತು,
ಕಣ್ಣು ಒಂದು ದೊಡ್ಡದು, ಒಂದು ಸಣ್ಣದು,
ಮೂಲೆಯಲ್ಲಿ ಚಹಾದ ಹುಡುಗನ ಮೊಣಕೈ.
ಹದಿನೇಳು, ಕೈಯಾರೆ ಹೇಳಬೇಕೆಂದರೆ,
ಜೀವಮಾನದಲ್ಲಿ ನಾನು ತೆಗೆದ ಒಳ್ಳೆಯ ಚಿತ್ರ.
ಉಲ್ಟಾ ಪಟ್ಟಿಯಲ್ಲಿ ಹಣೆಯ ರೂಪಾಯಿ ಕಪ್ಪಗಿತ್ತು.
ಕತ್ತರಿ ಕೈಯಲ್ಲಿ ಬಹಳ ಹೊತ್ತು ಇತ್ತು.

ಮೂರನೇ ದಿನ ಬಂದಳು.
ಪ್ರಿಂಟು ಸೆರಗಿಗೆ ಒರೆಸಿ ಸುತ್ತಿಕೊಂಡು, "ಮತ್ತ ಅದು?" ಎಂದಳು.
ಪಟ್ಟಿ ಬೆಳಕಿಗೆ ಹಿಡಿದೆ. ಅಂಚಿನ ಸಣ್ಣ ಅಂಕಿಗಳನ್ನು
ಬೆರಳಿಟ್ಟು ಓದಿದಳು, ಹದಿನೈದು, ಹದಿನಾರು,
ಹದಿನೆಂಟು.
"ಹೂಂ."

ದುಡ್ಡು ಬ್ಯಾಡವ್ವ, ಅಂದೆ.
"ಪುಕ್ಕಟೆ ಇಟಗೊಳ್ಳಾಕ ಬರಂಗಿಲ್ಲ," ಎಂದು
ಗಾಜಿನ ಮೇಲೆ, ಪಾಸ್‌ಪೋರ್ಟ್ ಸೈಜಿನ ಮುಖಗಳ ಮೇಲೆ
ಒಂದು ರೂಪಾಯಿ ಇಟ್ಟು ಹೋದಳು.